ಹೊಳೆಯ ಜಾಗದಲ್ಲಿ ಬೆಳೆದ ಪಟ್ಟಣ: ಕುಶಾಲನಗರದ ಒಂದು ಪ್ರಕರಣ ಅಧ್ಯಯನ

2018ರ ಆಗಸ್ಟ್ ತಿಂಗಳ ನಡುವಿನ ವಾರ, ಆಶ್ಲೇಷಾ ಮಳೆ ಮುಗಿದು ಮಖಾ ಮಳೆ ಹುಟ್ಟುವ ಹೊತ್ತಿನಲ್ಲಿ, ಕಾವೇರಿಯ ನೀರು ಕುಶಾಲನಗರದ ಕುವೆಂಪು ಬಡಾವಣೆ, ಸಾಯಿ ಬಡಾವಣೆ ಮೊದಲಾದ ತಗ್ಗಿನ ಭಾಗಗಳಿಗೆ ನುಗ್ಗಿತು. ಅದೇ ದಿನಗಳಲ್ಲಿ ಮಡಿಕೇರಿಯ ಆಚೀಚೆ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜರಿದು ಜೀವಹಾನಿಯಾಗಿದ್ದರಿಂದ ನಾಡಿನ ಗಮನವೆಲ್ಲ ಸಹಜವಾಗಿಯೇ ಅತ್ತ ಹೋಯಿತು. ಕುಶಾಲನಗರದ ನೆರೆ ಎರಡನೆಯ ಸುದ್ದಿಯಾಗಿ ಉಳಿಯಿತು. ಆದರೆ 2019ರ ಆಗಸ್ಟಿನಲ್ಲಿ ನೀರು ಅದೇ ಬೀದಿಗಳಿಗೆ ಮತ್ತೆ ಬಂತು, 2020ರಲ್ಲಿಯೂ ಬಂತು. ಮೂರು ಮಳೆಗಾಲ ಒಂದೇ ಮನೆಗಳ ಹೊಸ್ತಿಲು ದಾಟಿದ ನೀರನ್ನು ಆಕಸ್ಮಿಕ ಎನ್ನಲಾಗದು. ಆ ನೀರು ಎಲ್ಲಿಂದ, ಯಾವ ದಾರಿಯಲ್ಲಿ ಬಂತು, ಅದು ಬರುವ ಜಾಗದಲ್ಲಿ ಮನೆಗಳು ಹೇಗೆ ಎದ್ದವು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಮೊದಲನೆಯದಕ್ಕೆ ಉತ್ತರ ಈ ಊರಿನ ಭೂಗೋಳದಲ್ಲಿದೆ, ಎರಡನೆಯದಕ್ಕೆ ಅದರ ಇತಿಹಾಸದಲ್ಲಿದೆ.

ಹೊಳೆಯ ನಡೆ

ತಲಕಾವೇರಿ ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿದೆ, ಕುಶಾಲನಗರ ಸುಮಾರು 830 ಮೀಟರ್ ಎತ್ತರದಲ್ಲಿದೆ. ಈ ಇಳಿತದ ಬಹುಪಾಲು ಬ್ರಹ್ಮಗಿರಿಯ ಬುಡದಲ್ಲಿ, ಭಾಗಮಂಡಲ ತಲಪುವ ಮೊದಲೇ ಮುಗಿದುಹೋಗುತ್ತದೆ. ಭಾಗಮಂಡಲದಲ್ಲಿ ಕನ್ನಿಕೆಯನ್ನು ಕೂಡಿಕೊಂಡು, ಗುಪ್ತಗಾಮಿನಿ ಎಂದು ನಂಬಲಾದ ಸುಜ್ಯೋತಿಯ ಹೆಸರನ್ನೂ ಹೊತ್ತು ಹೊರಟ ಹೊಳೆ, ಮುಂದೆ ಗದ್ದೆ ಬಯಲುಗಳ ನಡುವೆ ಬಳುಕುತ್ತ, ಇಳಿಜಾರು ತೀರಾ ಕಡಿಮೆ ಇರುವ ಹಾದಿಯಲ್ಲಿ ಪೂರ್ವಕ್ಕೆ ಸಾಗುತ್ತದೆ. ಸಿದ್ದಾಪುರದ ಬಳಿ ಅದು ದಿಕ್ಕು ಬದಲಿಸಿ ಉತ್ತರಕ್ಕೆ ಹೊರಳುತ್ತದೆ. ಅಲ್ಲಿಂದ ದುಬಾರೆ, ನಂಜರಾಯಪಟ್ಟಣ, ಗುಡ್ಡೆಹೊಸೂರಿನ ಬದಿಯಿಂದ ಕುಶಾಲನಗರಕ್ಕೆ ಬಂದು, ಕೂಡಿಗೆ, ಕಣಿವೆ ದಾಟಿ, ಶಿರಂಗಾಲದ ಬಳಿ ಕೊಡಗನ್ನು ಬಿಡುತ್ತದೆ. ಈ ಉತ್ತರಮುಖದ ಹಾದಿಯ ಬಹುಭಾಗದಲ್ಲಿ ಹೊಳೆಯೇ ಜಿಲ್ಲೆಯ ಗಡಿ: ಎಡದಂಡೆಯಲ್ಲಿ ಕುಶಾಲನಗರ, ಬಲದಂಡೆಯಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಕೊಪ್ಪ.

ಮಳೆಯ ಲೆಕ್ಕ ಇದಕ್ಕಿಂತ ವಿಚಿತ್ರವಾದದ್ದು. ಭಾಗಮಂಡಲದ ಕಡೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ಮೀರುವ ಮಳೆ ಮಡಿಕೇರಿಗೆ ಬರುವಾಗ ಮೂರು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಂದ ಕೇವಲ ಮೂವತ್ತು ಕಿಲೋಮೀಟರ್ ಪೂರ್ವಕ್ಕೆ, ಕುಶಾಲನಗರ ತಲಪುವಷ್ಟರಲ್ಲಿ, ಅದು ಸಾವಿರದ ಹತ್ತಿರಕ್ಕೆ ಬಂದಿರುತ್ತದೆ. ಕಕ್ಕಡದ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ನಟ್ಟ ಮಳೆಗಾಲದಲ್ಲಿ, ಮಡಿಕೇರಿಯಿಂದ ಬಸ್ಸು ಹತ್ತಿದವರು ಸುಂಟಿಕೊಪ್ಪ ದಾಟಿ ಆನೆಕಾಡಿನ ಇಳಿಜಾರು ಇಳಿಯುತ್ತಿದ್ದಂತೆ ಕಿಟಕಿಯ ಗಾಜಿನ ಮೇಲಿನ ನೀರು ಆರತೊಡಗುವುದನ್ನು ಕಂಡಿರುತ್ತಾರೆ. ಕಾಫಿ ತೋಟದ ದಟ್ಟ ನೆರಳು ಅಲ್ಲಿಗೆ ಮುಗಿದು ಬಯಲುಸೀಮೆಯ ಬೆಳಕು ತೊಡಗುತ್ತದೆ.

ಆದ್ದರಿಂದ ಕುಶಾಲನಗರದ ನೆರೆ ಕುಶಾಲನಗರದ ಮಳೆಯಿಂದ ಬರುವುದಲ್ಲ. ಆಕಾಶ ಬರೀ ಮೋಡ ಕವಿದು ಹನಿ ಬೀಳುತ್ತಿರುವ ದಿನವೂ ಇಲ್ಲಿ ಹೊಳೆ ಉಕ್ಕಬಹುದು. ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗಿತು ಎಂಬ ಸುದ್ದಿ ಬಂದರೆ, ಬೇತ್ರಿ ಸೇತುವೆಯ ಕೆಳಗೆ ನೀರು ಎಷ್ಟಿದೆ, ಕರಡಿಗೋಡು ಮತ್ತು ನೆಲ್ಯಹುದಿಕೇರಿಯ ಹೊಳೆಬದಿಯ ಮನೆಗಳವರು ಹೊರಟರೋ ಇಲ್ಲವೋ ಎಂದು ಫೋನಿನಲ್ಲಿ ವಿಚಾರಿಸಿ, ಮರುದಿನದ ತಮ್ಮ ಪಾಡನ್ನು ಅಂದಾಜು ಮಾಡುವುದು ಇಲ್ಲಿನ ಹೊಳೆಬದಿಯವರಿಗೆ ರೂಢಿಯಾಗಿದೆ. ಮೇಲಿನ ಊರುಗಳ ಸಂಕಟವೇ ಕೆಳಗಿನ ಊರಿಗೆ ಮುನ್ಸೂಚನೆಯಾಗಿ ಒದಗುವ ಈ ವ್ಯವಸ್ಥೆ ಯಾವ ಕಚೇರಿಯೂ ರೂಪಿಸಿದ್ದಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದಲ್ಲಿ ಅತ್ಯಂತ ಚೆನ್ನಾಗಿ ಕೆಲಸ ಮಾಡಿದ್ದು ಅದೇ.

ಇನ್ನೊಂದು ಸಂಗತಿಯನ್ನು ನಕ್ಷೆಯ ಮುಂದೆ ಕುಳಿತು ನೋಡಬೇಕು. ಪುಷ್ಪಗಿರಿ ಬೆಟ್ಟಸಾಲಿನ ನೀರನ್ನು ಹೊತ್ತು ತರುವ ಹಾರಂಗಿ ನದಿ ಕಾವೇರಿಯನ್ನು ಸೇರುವುದು ಕುಶಾಲನಗರದ ಮೇಲುಭಾಗದಲ್ಲಲ್ಲ, ಕೆಲವೇ ಕಿಲೋಮೀಟರ್ ಕೆಳಗೆ, ಕೂಡಿಗೆಯಲ್ಲಿ. ಊರಿನ ಹೆಸರೇ ಎರಡು ಹೊಳೆಗಳ ಕೂಟವನ್ನು ಹೇಳುತ್ತದೆ. ಹಾರಂಗಿಗೆ ಹುದುಗೂರಿನ ಬಳಿ ಅಣೆಕಟ್ಟು ಕಟ್ಟಲಾಗಿದ್ದು, ಅದರ ಸಂಗ್ರಹ ಸಾಮರ್ಥ್ಯ ಸುಮಾರು 8.5 ಟಿಎಂಸಿ ಅಡಿ, ಪೂರ್ಣ ಮಟ್ಟ 2,859 ಅಡಿ. ಜಲಾಶಯ ತುಂಬಿ ಗೇಟುಗಳನ್ನು ಎತ್ತಿದಾಗ ಆ ನೀರೆಲ್ಲ ಕೂಡಿಗೆಯಲ್ಲಿ ಕಾವೇರಿಗೆ ಬಂದು ಬೀಳುತ್ತದೆ. ಅದೇ ಹೊತ್ತಿಗೆ ಕಾವೇರಿಯೂ ತುಂಬಿ ಹರಿಯುತ್ತಿದ್ದರೆ, ಇಳಿಜಾರು ಕಡಿಮೆ ಇರುವ ಆ ಹಾದಿಯಲ್ಲಿ ಕಾವೇರಿಯ ನೀರು ಮುಂದೆ ಸರಿಯಲು ಜಾಗ ಸಾಲದೆ ಹಿಂದಕ್ಕೆ ಒತ್ತಿಕೊಳ್ಳುತ್ತದೆ. ಬಡಾವಣೆಗಳ ಜನ ಇದನ್ನು ಹಿನ್ನೀರು ಎಂದೇ ಕರೆಯುತ್ತಾರೆ. ಅಂಥ ನೀರಿನ ಸ್ವಭಾವವೇ ಬೇರೆ. ಅದು ಹೊಳೆಯ ಕಡೆಯಿಂದ ಅಲೆಯಾಗಿ ನುಗ್ಗುವುದಿಲ್ಲ, ಚರಂಡಿಯ ಬಾಯಿಂದ, ತೋಡಿನ ದಾರಿಯಿಂದ, ಮನೆಯ ಹಿಂದಿನ ತಗ್ಗಿನಿಂದ ಸದ್ದಿಲ್ಲದೆ ಏರುತ್ತದೆ. ರಾತ್ರಿ ಹಿತ್ತಲ ಕಲ್ಲಿನಷ್ಟಿದ್ದದ್ದು ಬೆಳಗಿನ ಜಾವಕ್ಕೆ ಮಂಚದ ಕಾಲಿಗೆ ಬಂದಿರುತ್ತದೆ. ಅಣೆಕಟ್ಟಿನ ನೀರನ್ನು ಯಾವಾಗ, ಎಷ್ಟು ಬಿಡಬೇಕು ಎಂಬ ತೀರ್ಮಾನ ಈ ಪಟ್ಟಣದ ಪಾಲಿಗೆ ಇಷ್ಟು ನಿರ್ಣಾಯಕವಾಗಿರುವುದು ಈ ಕಾರಣಕ್ಕೆ. ಆ ತೀರ್ಮಾನದಲ್ಲಿ ಪಟ್ಟಣದ ಆಡಳಿತಕ್ಕೆ ಯಾವ ಪಾತ್ರವೂ ಇಲ್ಲ.

ದಾಟುವ ಜಾಗ ಪೇಟೆಯಾದದ್ದು

ಕುಶಾಲನಗರದ ಹೆಸರಿನ ಬಗ್ಗೆ ಎಲ್ಲರೂ ಹೇಳುವ ಕಥೆಯೊಂದಿದೆ. ಹೈದರಾಲಿ ಇಲ್ಲಿ ಬೀಡುಬಿಟ್ಟಿದ್ದಾಗ ಮಗ ಟಿಪ್ಪು ಹುಟ್ಟಿದ ಸುದ್ದಿ ಬಂತೆಂದೂ, ಆ ಸಂತೋಷಕ್ಕೆ ಊರಿಗೆ ಈ ಹೆಸರಿಟ್ಟನೆಂದೂ ಅದು ಹೇಳುತ್ತದೆ. ಕಥೆ ಇಂಪಾಗಿದೆಯಾದರೂ ಕಾಲದ ಲೆಕ್ಕಕ್ಕೆ ಹೊಂದುವುದಿಲ್ಲ. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750ರ ಸುಮಾರಿಗೆ. ಆಗ ಹೈದರ್ ಮೈಸೂರಿನ ಸೇನೆಯಲ್ಲಿ ಮೇಲೇರುತ್ತಿದ್ದ ಒಬ್ಬ ಅಧಿಕಾರಿ ಮಾತ್ರ. ಅವನು ರಾಜ್ಯದ ಸೂತ್ರ ಹಿಡಿದದ್ದು 1761ರಲ್ಲಿ, ಕೊಡಗಿನ ಹಾಲೇರಿ ಅರಸು ಮನೆತನದ ಉತ್ತರಾಧಿಕಾರದ ಜಗಳದಲ್ಲಿ ಕೈಹಾಕಿ ಕೊಡಗನ್ನು ಹಿಡಿತಕ್ಕೆ ತಂದುಕೊಂಡದ್ದು 1770ರ ದಶಕದಲ್ಲಿ. ಹಾಗಿರುವಾಗ 1750ರಲ್ಲಿ ಇಲ್ಲಿ ನಿಂತು ಊರಿಗೆ ಹೆಸರಿಡುವ ಸಂದರ್ಭವೇ ಕಾಣುವುದಿಲ್ಲ. ಆದರೂ ಹೆಸರಿನ ರೂಪ ಮೈಸೂರಿನ ಕಡೆಯ ಪಾರಸಿ ಛಾಯೆಯದು ಎಂಬುದನ್ನು ತಳ್ಳಿಹಾಕುವಂತಿಲ್ಲ. ಖುಷ್‌ಹಾಲ್ ಎಂದರೆ ನೆಮ್ಮದಿ, ನಮ್ಮ ಕಿವಿಗೆ ಅದು ಕುಶಲವಾಗಿ ಕೇಳಿಸುತ್ತದೆ. ಟಿಪ್ಪುವಿನ ಆಳ್ವಿಕೆಯಲ್ಲಿ ಮಡಿಕೇರಿಗೂ ಜಾಫರಾಬಾದ್ ಎಂಬ ಹೆಸರು ಬಿದ್ದಿತ್ತು. ಮಡಿಕೇರಿಗೆ ಬಿದ್ದ ಹೆಸರು ಅಳಿಯಿತು, ಹೊಳೆಬದಿಗೆ ಬಿದ್ದದ್ದು ಉಳಿಯಿತು.

ಈ ಜಾಗಕ್ಕೆ ಮಹತ್ವ ಬಂದದ್ದು ಹೊಳೆ ದಾಟುವ ಸ್ಥಳವಾದ್ದರಿಂದ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೂಲಕ ಮಡಿಕೇರಿಗೆ ಹೋಗುವ ಹಾದಿ ಕಾವೇರಿಯನ್ನು ದಾಟುವುದು ಇಲ್ಲಿಯೇ. ಪಿರಿಯಾಪಟ್ಟಣದ ಕೋಟೆಯಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದ ದೊಡ್ಡ ವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಕೊಡಗಿಗೆ ಬಂದು ಮತ್ತೆ ನಾಡನ್ನು ಕಟ್ಟಿದ. ಕೊಡಗಿಗೆ ಪೂರ್ವದ ಅಪಾಯವೂ ಪೂರ್ವದ ವ್ಯಾಪಾರವೂ ಒಂದೇ ಹೊಳೆಯನ್ನು ದಾಟಿ ಬರಬೇಕಾಗಿತ್ತು.

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ತುಕಡಿಗಳು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕು ಮಡಿಕೇರಿಯನ್ನು ಹಿಡಿದವು. ಚಿಕ್ಕವೀರರಾಜೇಂದ್ರ ಪದಚ್ಯುತನಾದ, ಹಾಲೇರಿ ಮನೆತನದ ಆಳ್ವಿಕೆ ಕೊನೆಗೊಂಡಿತು. ಆ ಕಾರ್ಯಾಚರಣೆಯಲ್ಲಿ ಕಂಪನಿಯ ರಾಜಕೀಯ ಪ್ರತಿನಿಧಿಯಾಗಿದ್ದವನು ಕರ್ನಲ್ ಜೇಮ್ಸ್ ಸ್ಟೂವರ್ಟ್ ಫ್ರೇಸರ್. ಅವನ ಹೆಸರಿನಲ್ಲಿ ಊರು ಫ್ರೇಸರ್‌ಪೇಟೆಯಾಯಿತು. ಈ ಮರುನಾಮಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೆಸರಿನ ಕೊನೆಯ ಪದ. ಅಂದಿನ ಆಡಳಿತದ ಕಣ್ಣಿಗೆ ಇದು ಪೇಟೆಯಾಗಿಯೇ ಕಂಡಿತ್ತು. ಮಳೆಗಾಲದಲ್ಲಿ ಮಡಿಕೇರಿಯ ಮಂಜು, ಥಂಡಿ ತಾಳಲಾರದ ಬ್ರಿಟಿಷ್ ಅಧಿಕಾರಿಗಳಿಗೆ ಇದು ಇಳಿದುಬಂದು ಉಳಿಯುವ ಒಣ ತಾಣವೂ ಆಗಿತ್ತು. 19ನೆಯ ಶತಮಾನದ ನಡುಭಾಗದಲ್ಲಿ ಇಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಬಂತು. ಅಲ್ಲಿಯವರೆಗೆ ಹೊಳೆ ತುಂಬಿದಾಗ ನಿಂತುಹೋಗುತ್ತಿದ್ದ ಗಾಡಿಗಳು ಮಳೆಗಾಲದಲ್ಲಿಯೂ ದಾಟತೊಡಗಿದವು. ಮೇಲಿನಿಂದ ಕಾಫಿ, ಏಲಕ್ಕಿ ಇಳಿಯುವುದೂ ಕೆಳಗಿನಿಂದ ರಾಗಿ, ಉಪ್ಪು, ಬಟ್ಟೆ ಏರುವುದೂ ಈ ಬಾಗಿಲಿನಿಂದಲೇ ಆದ್ದರಿಂದ ಪೇಟೆಯ ಬೀದಿ ಸೇತುವೆಯ ತಲೆಯಿಂದ ಶುರುವಾಗಿ ರಸ್ತೆಯ ಎರಡೂ ಬದಿಗೆ ಉದ್ದಕ್ಕೆ ಬೆಳೆಯಿತು. ಇಂದಿಗೂ ಊರಿನ ಆಕಾರ ಅದೇ.

ಹೊಳೆಯ ನಡುವಿನ ಆ ಗೆರೆಗೆ ಇದ್ದ ತೂಕವನ್ನು ಈಗಿನವರು ಊಹಿಸುವುದು ಕಷ್ಟ. 1947ರವರೆಗೆ ಎಡದಂಡೆ ಬ್ರಿಟಿಷ್ ಇಂಡಿಯಾ, ಬಲದಂಡೆ ಮೈಸೂರು ಮಹಾರಾಜರ ಸಂಸ್ಥಾನ. ಅನಂತರವೂ 1956ರ ನವೆಂಬರ್ 1ರವರೆಗೆ ಕೊಡಗು ತನ್ನದೇ ವಿಧಾನಸಭೆಯಿದ್ದ ಪ್ರತ್ಯೇಕ ರಾಜ್ಯವಾಗಿತ್ತು. 1952ರಿಂದ ಸಿ.ಎಂ. ಪೂಣಚ್ಚ ಅದರ ಮುಖ್ಯಮಂತ್ರಿಯಾಗಿದ್ದರು. ಸೇತುವೆ ದಾಟುವುದೆಂದರೆ ರಾಜ್ಯ ದಾಟುವುದೇ ಆಗಿತ್ತು. ಗಡಿಯ ಮೇಲಿನ ಪೇಟೆಗಳಿಗೆ ಸಹಜವಾಗಿ ಬರುವ ಗುಣಗಳೆಲ್ಲ ಇದಕ್ಕೂ ಬಂದವು: ಹಲವು ಭಾಷೆಗಳ ಜನ, ಮಳಿಗೆಗಳು, ತಪಾಸಣೆ ಠಾಣೆ, ರಾತ್ರಿ ತಂಗುವ ಗಾಡಿಗಳು. ಇಲ್ಲಿನ ಬೀದಿಯ ಕನ್ನಡದಲ್ಲಿ ಇಂದಿಗೂ ಪಿರಿಯಾಪಟ್ಟಣದ ಧಾಟಿ ಹೆಚ್ಚು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಉರ್ದು ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ.

1961ರಲ್ಲಿ ಹೊಳೆಯ ಆಚೆ, ಬೈಲಕುಪ್ಪೆಯಲ್ಲಿ, ಟಿಬೆಟಿನಿಂದ ಬಂದ ನಿರಾಶ್ರಿತರ ವಸತಿ ತಲೆಯೆತ್ತಿತು. ಆಗಿನ ಮೈಸೂರು ಸರ್ಕಾರ ಕೊಟ್ಟ ಭೂಮಿಯಲ್ಲಿ ಕಾಡು ಕಡಿದು, ಜೋಳ ಬಿತ್ತಿ ಬದುಕು ಕಟ್ಟಿದ ಆ ಜನರಿಗೆ ಹತ್ತಿರದ ಪೇಟೆ ಕುಶಾಲನಗರವೇ. 1963ರಲ್ಲಿ ಪೆನೊರ್ ರಿನ್‌ಪೋಚೆ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠ ಮುಂದೆ ಚಿನ್ನದ ದೇವಾಲಯವೆಂದು ಹೆಸರಾಗಿ ಪ್ರವಾಸಿಗರನ್ನು ಸೆಳೆಯಿತು. ಮಠ ಇರುವುದು ಮೈಸೂರು ಜಿಲ್ಲೆಯಲ್ಲಿ, ಅದನ್ನು ನೋಡಲು ಬಂದವರು ಇಳಿಯುವುದು, ಉಣ್ಣುವುದು, ಮಲಗುವುದು ಬಹುಪಾಲು ಕುಶಾಲನಗರದಲ್ಲಿ. ಕಾವೇರಿ ನಿಸರ್ಗಧಾಮ, ದುಬಾರೆಯ ಆನೆ ಶಿಬಿರ, ಕೂಡ್ಲೂರಿನ ಕೈಗಾರಿಕಾ ಪ್ರದೇಶ, ಅಲ್ಲಿನ ಕಾಫಿ ಸಂಸ್ಕರಣಾ ಘಟಕಗಳು, ಕೂಡಿಗೆಯ ಸೈನಿಕ ಶಾಲೆ ಇವೆಲ್ಲ ಸೇರಿ, ಮಡಿಕೇರಿಗಿಂತ ಸಮತಟ್ಟಾದ, ಮಳೆ ಕಡಿಮೆಯ ಈ ಜಾಗದಲ್ಲಿ ಮನೆ ಕಟ್ಟುವ ಆಸೆಯನ್ನು ಇಡೀ ಜಿಲ್ಲೆಯಲ್ಲಿ ಹುಟ್ಟಿಸಿದವು. ನಿವೃತ್ತರಾದವರು, ತೋಟದ ಕೆಲಸ ಬಿಟ್ಟವರು, ಮಕ್ಕಳ ಓದಿಗಾಗಿ ಗುಡ್ಡ ಇಳಿದವರು ಇಲ್ಲಿ ಸೈಟು ಕೊಂಡರು. ಅಷ್ಟು ಜನರಿಗೆ ಸಾಲುವಷ್ಟು ಸಮತಟ್ಟಾದ ನೆಲ ಸಿಕ್ಕಿದ್ದು ಹೊಳೆಬದಿಯ ಗದ್ದೆಗಳಲ್ಲಿ.

ಗದ್ದೆ, ಲೇಔಟ್, ಗೋಡೆಯ ಗೆರೆ

ಕೊಡಗಿನಲ್ಲಿ ನೆಲಕ್ಕೆ ಇರುವ ಹೆಸರುಗಳು ಅದರ ಗುಣವನ್ನೂ ಹೇಳುತ್ತವೆ. ಬಾಣೆ ಎಂದರೆ ಗದ್ದೆಯ ಬೆನ್ನಿಗಿರುವ ಎತ್ತರದ ಒಣ ನೆಲ, ಮನೆ ಕಟ್ಟುವುದು ಅಲ್ಲಿ. ಗದ್ದೆ ಎಂದರೆ ನೀರು ನಿಲ್ಲುವ ನೆಲ, ಅಲ್ಲಿ ಮನೆ ಕಟ್ಟುವ ಪದ್ಧತಿ ಇರಲಿಲ್ಲ. ಪೈಸಾರಿ ಎಂದರೆ ಸರ್ಕಾರದ ನೆಲ, ತೋಡು ಎಂದರೆ ಗದ್ದೆಗಳ ಹೆಚ್ಚುವರಿ ನೀರನ್ನು ಹೊಳೆಗೆ ಒಯ್ಯುವ ಹಾದಿ. ಹೊಳೆ ಉಕ್ಕಿದ ವರ್ಷ ಗದ್ದೆಯ ಮೇಲೆ ನೀರು ಎರಡು ದಿನ ನಿಂತು, ಮೆಕ್ಕಲು ಬಿಟ್ಟು ಇಳಿದುಹೋಗುತ್ತಿತ್ತು. ನಾಟಿ ಕೊಚ್ಚಿಹೋದರೆ ನಷ್ಟ, ಉಳಿದರೆ ಮುಂದಿನ ಬೆಳೆಗೆ ಗೊಬ್ಬರ. ಈ ನೆಲ ಭೂಪರಿವರ್ತನೆಯಾಗಿ ಲೇಔಟ್ ಆದಾಗ ತೋಡುಗಳು ಕಿರಿದಾದವು, ಕೆಲವು ಕಾಂಕ್ರೀಟ್ ಚರಂಡಿಗಳಾದವು, ಕೆಲವು ಯಾರದೋ ಕಾಂಪೌಂಡಿನ ಒಳಗೆ ಸೇರಿಹೋದವು. ಹೊಳೆ ಉಕ್ಕಿದಾಗ ಹೊರಗಿನ ನೀರು ಒಳಬರಲು ಈ ಚರಂಡಿಗಳೇ ದಾರಿಯಾದವು, ನೀರು ಇಳಿಯುವಾಗ ಹೊರಹೋಗಲು ಅವು ಸಾಲಲಿಲ್ಲ.

ನೆರೆ ಇಳಿದ ಮೇಲೆ ಒಂದು ಬಡಾವಣೆಯ ಕೊನೆಯ ಅಡ್ಡರಸ್ತೆಯಲ್ಲಿ ಕಂಡ ಮನೆಯೊಂದನ್ನು ಇಲ್ಲಿ ದಾಖಲಿಸುತ್ತೇನೆ. ಹೊರಗೋಡೆಯಲ್ಲಿ, ಕಿಟಕಿಯ ಕೆಳ ಅಂಚಿಗೆ ಸರಿಯಾಗಿ, ಕೆಂಗಂದು ಬಣ್ಣದ ಗೆರೆಯೊಂದು ಹಗ್ಗ ಹಿಡಿದು ಎಳೆದಷ್ಟು ನೇರವಾಗಿ ಮೂಡಿತ್ತು. ಅದರ ಕೆಳಗೆ ಸುಣ್ಣ ಉಬ್ಬಿ ಬೆರಳು ತಾಗಿಸಿದರೆ ಉದುರುತ್ತಿತ್ತು. ಅಂಗಳದಲ್ಲಿ ಅಕ್ಕಿ ಮೂಟೆ ಬಿಚ್ಚಿ ಹರಡಿದ್ದರು, ವಾಸನೆ ಹತ್ತಿದ್ದರಿಂದ ಅದನ್ನು ಕೋಳಿಗೂ ಹಾಕುವಂತಿರಲಿಲ್ಲ. ಶಾಲೆಯ ಪುಸ್ತಕಗಳನ್ನು ಮಕ್ಕಳು ಒಂದೊಂದೇ ಹಾಳೆ ಬಿಡಿಸಿ ತಂತಿಯ ಮೇಲೆ ಒಣಹಾಕುತ್ತಿದ್ದರು. ಪಕ್ಕದ ಮನೆಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ, ಆ ನೆಲ ಗದ್ದೆಯಾಗಿದ್ದಾಗ ನಾಟಿಗೆ ಬರುತ್ತಿದ್ದವರು, ನನ್ನನ್ನು ಕರೆದು ಹೇಳಿದರು: “ನೋಡಪ್ಪಾ, ನಾವು ಸಸಿ ನೆಡುವಾಗ್ಲೂ ನೀರು ಇಲ್ಲಿಗಂಟ ಬರ್ತಿತ್ತು. ಆಗ ಪೈರಿನ ಮೇಲೆ ಬರ್ತಿತ್ತು, ಈಗ ಇವರ ಅಡುಗೆಮನೆ ಒಳಕ್ಕೆ ಬರ್ತದೆ. ಹೊಳೆ ಎಲ್ಲಿಗ್ ಹೋಗ್ಬೇಕು ಹೇಳು.” ಯಾವ ತಾಂತ್ರಿಕ ವರದಿಯೂ ಈ ಪ್ರಕರಣವನ್ನು ಇದಕ್ಕಿಂತ ನೇರವಾಗಿ ಹೇಳಲಾರದು. ಆ ಮನೆಯವರ ಬಳಿ ಕ್ರಯಪತ್ರ, ಭೂಪರಿವರ್ತನೆಯ ಆದೇಶ, ಮನೆ ಕಟ್ಟಲು ಪರವಾನಗಿ, ಕಂದಾಯದ ರಸೀದಿ ಎಲ್ಲವೂ ಇದ್ದವು. ಅವರು ಅಕ್ರಮವೇನನ್ನೂ ಮಾಡಿರಲಿಲ್ಲ. ಹಿಂದೆ ಹೊಳೆಯ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಒಂದು ಮಾತು ಮಾತ್ರ ಆ ಕಾಗದಗಳ ಕಟ್ಟಿನಲ್ಲಿ ಎಲ್ಲಿಯೂ ಇರಲಿಲ್ಲ.

ಪುರಸಭೆಯಾದ ಮೇಲೆ

ಪುರಾಡಳಿತದ ದೃಷ್ಟಿಯಿಂದ ಈ ಊರಿಗೆ ಹೆಮ್ಮೆಪಡುವ ಕಾರಣವಿದೆ. 1980ರಿಂದ 1983ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾವ್ ಸಾರ್ವಜನಿಕ ಜೀವನ ಆರಂಭಿಸಿದ್ದು ಕುಶಾಲನಗರದ ಪುರಾಡಳಿತದ ಅಧ್ಯಕ್ಷರಾಗಿ. ಹಾಗಿದ್ದೂ ಊರು ಬಹುಕಾಲ ಪಟ್ಟಣ ಪಂಚಾಯಿತಿಯಾಗಿಯೇ, ಸೋಮವಾರಪೇಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರವಾಗಿಯೇ ಉಳಿಯಿತು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 15 ಸಾವಿರ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಪ್ರಕಾರ ಪುರಸಭೆಯಾಗಲು 20 ಸಾವಿರ ಬೇಕು. ಇತ್ತೀಚಿನ ವರ್ಷಗಳಲ್ಲಿ ಪಕ್ಕದ ಮುಳ್ಳುಸೋಗೆ ಗ್ರಾಮ ಪಂಚಾಯಿತಿಯ ಪ್ರದೇಶವನ್ನು ಸೇರಿಸಿಕೊಂಡು ಕುಶಾಲನಗರ ಪುರಸಭೆಯಾಯಿತು, ಹೊಸ ತಾಲ್ಲೂಕಿನ ಕೇಂದ್ರವೂ ಆಯಿತು.

ಮೇಲ್ದರ್ಜೆಗೇರಿದ್ದರಿಂದ ಅನುದಾನ, ಸಿಬ್ಬಂದಿ ಹೆಚ್ಚುವುದು ನಿಜ. ಆದರೆ ಈ ಪ್ರಕರಣಕ್ಕೆ ಸಂಬಂಧಿಸಿದಂತೆ ಎರಡು ತೊಡಕುಗಳು ಹಾಗೆಯೇ ಉಳಿದಿವೆ. ಹೊಳೆಯ ಎಡದಂಡೆ ಮಾತ್ರ ಪುರಸಭೆಯದು, ಬಲದಂಡೆ ಬೇರೆ ಜಿಲ್ಲೆಯದು. ಹಾರಂಗಿಯ ಗೇಟು ನೀರಾವರಿಯವರದು, ಮೇಲಿನ ಕಾಡು ಅರಣ್ಯ ಇಲಾಖೆಯದು, ಭೂಪರಿವರ್ತನೆ ಕಂದಾಯದವರದು. ಮನೆಯೊಳಗೆ ಬಂದ ಕೆಸರನ್ನು ಎತ್ತುವ ಕೆಲಸ ಮಾತ್ರ ಪುರಸಭೆಯ ಪೌರಕಾರ್ಮಿಕರದು. ಇನ್ನೊಂದು ತೊಡಕು, ಹೊಸದಾಗಿ ಸೇರಿದ ಭಾಗಗಳಲ್ಲಿಯೂ ಗದ್ದೆ ತುಂಬಿಸಿ ಸೈಟು ಮಾಡುವ ಒತ್ತಡ ಅದೇ ಬಗೆಯಲ್ಲಿ ಮುಂದುವರಿದಿದೆ.

ಬೇಸಿಗೆಯ ಚಿತ್ರವನ್ನೂ ಇದರ ಜೊತೆಗಿಟ್ಟು ನೋಡಬೇಕು. ಪಟ್ಟಣದ ಕುಡಿಯುವ ನೀರಿಗೆ ಆಧಾರ ಇದೇ ಕಾವೇರಿ. ಏಪ್ರಿಲ್, ಮೇ ತಿಂಗಳಲ್ಲಿ ಹರಿವು ಬತ್ತಿ ಬಂಡೆಗಳು ಮೇಲೆದ್ದಾಗ, ಪಂಪಿಗೆ ನೀರು ಸಿಗಲೆಂದು ಹೊಳೆಗೆ ಅಡ್ಡಲಾಗಿ ಮರಳಿನ ಮೂಟೆಗಳ ಕಟ್ಟೆ ಹಾಕಿದ ವರ್ಷಗಳಿವೆ. ಆಗಸ್ಟಿನಲ್ಲಿ ಮನೆ ಮುಳುಗಿಸುವ ಹೊಳೆಯನ್ನು ಮೇ ತಿಂಗಳಲ್ಲಿ ಮೂಟೆಯಿಟ್ಟು ತಡೆದು ನಿಲ್ಲಿಸಿಕೊಳ್ಳಬೇಕಾಗುತ್ತದೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕಾವೇರಿ ವಿವಾದದ ಅಂತಿಮ ತೀರ್ಪಿನಲ್ಲಿ ಕರ್ನಾಟಕದ ಪಾಲನ್ನು 284.75 ಟಿಎಂಸಿ ಅಡಿಗೆ ನಿಗದಿಪಡಿಸಿತು. ಅದಾಗಿ ಸರಿಯಾಗಿ ಆರು ತಿಂಗಳಿಗೆ ಈ ಬಡಾವಣೆಗಳು ಮುಳುಗಿದವು. ರಾಜ್ಯದ ಮಟ್ಟದಲ್ಲಿ ಕಾವೇರಿಯ ಮಾತೆಲ್ಲ ನೀರು ಎಷ್ಟು ಸಿಗುತ್ತದೆ ಎಂಬುದರ ಸುತ್ತಲೇ ನಡೆಯುತ್ತದೆ. ಮೇಲಿನ ಹರಿವಿನ ಸಣ್ಣ ಊರುಗಳಲ್ಲಿ ಅದೇ ನೀರು ಎರಡು ವಾರದಲ್ಲಿ ತುಂಬಿ ಹರಿದು ಉಳಿದ ತಿಂಗಳು ಬತ್ತುವ ಬಗೆ ಆ ಚರ್ಚೆಯಲ್ಲಿ ಬರುವುದೇ ಇಲ್ಲ. ಒಳಚರಂಡಿ ಕಾಮಗಾರಿಯೂ ವರ್ಷಗಟ್ಟಲೆ ಎಳೆದಾಡಿರುವುದರಿಂದ, ಹರಿವು ಇಳಿದ ದಿನಗಳಲ್ಲಿ ಊರಿನ ಕೊಳಚೆ ತೋಡುಗಳ ಮೂಲಕ ಹೊಳೆಯ ಮಡುಗಳಿಗೆ ಸೇರುತ್ತದೆ. ಹುಣ್ಣಿಮೆಯ ಸಂಜೆ ದಂಡೆಯಲ್ಲಿ ಕಾವೇರಿಗೆ ಆರತಿ ಎತ್ತುವ ಜನರಲ್ಲಿ ಹೊಳೆಯ ಮೇಲೆ ಇರುವ ಭಕ್ತಿ ನಿಜವಾದದ್ದು, ಅದನ್ನು ಕಂಡವನಾಗಿ ಹೇಳುತ್ತಿದ್ದೇನೆ. ಅದೇ ಜನ ಪುರಸಭೆಯ ಸಭೆಯಲ್ಲಿ ತೋಡಿನ ಅಗಲವನ್ನೂ ಕೇಳುವಂತಾಗಬೇಕು.

ಈ ಪ್ರಕರಣದಿಂದ ಹೊರಡುವ ಕೆಲಸ ದೊಡ್ಡ ಯೋಜನೆಯದೇನಲ್ಲ. ದಂಡೆಯುದ್ದಕ್ಕೂ ತಡೆಗೋಡೆ ಕಟ್ಟಬೇಕೆಂಬ ಬೇಡಿಕೆ ಇದೆ. ಹಿನ್ನೀರು ಚರಂಡಿಯಿಂದ ಏರುವ ಊರಿನಲ್ಲಿ, ಚರಂಡಿಯ ಬಾಯಿಗಳನ್ನು ಮುಚ್ಚಿ ತೆರೆಯುವ ವ್ಯವಸ್ಥೆಯಿಲ್ಲದ ತಡೆಗೋಡೆ ಎಷ್ಟು ಕಾಪಾಡೀತು ಎಂಬ ಸಂದೇಹ ನನಗಿದೆ. ಮೊದಲು ಆಗಬೇಕಾದದ್ದು, 2018, 2019ರ ನೀರು ಯಾವ ಅಡ್ಡರಸ್ತೆಯಲ್ಲಿ ಎಷ್ಟು ಎತ್ತರಕ್ಕೆ ಬಂದಿತ್ತೆಂದು ಮನೆಮನೆಗೂ ಹೋಗಿ ಅಳೆದು, ಪುರಸಭೆಯ ನಕ್ಷೆಯ ಮೇಲೆ ಗುರುತಿಸಿ, ಆ ಗೆರೆಯ ಒಳಗೆ ಹೊಸ ಲೇಔಟಿಗೆ ಒಪ್ಪಿಗೆ ಕೊಡುವ ಮುನ್ನ ಅದನ್ನು ಕಡತದಲ್ಲಿ ಇಡುವುದು. ಉಳಿದಿರುವ ತೋಡುಗಳ ಅಗಲವನ್ನು ಸರ್ವೆ ದಾಖಲೆಯೊಂದಿಗೆ ತಾಳೆ ನೋಡುವುದು ಅದರ ಮುಂದಿನ ಹೆಜ್ಜೆ. ಇದಕ್ಕೆ ಅಳತೆಪಟ್ಟಿ ಹಿಡಿದ ಇಬ್ಬರು, ಊರಿನ ಹಳಬರು ಒಂದಿಬ್ಬರು ಸಾಕು. ಆದರೆ ಹೆಚ್ಚು ಕಾಲವಿಲ್ಲ. ನಾನು ಮೇಲೆ ಹೇಳಿದ ಮನೆಗೆ ಮರುವರ್ಷದ ನೆರೆಯ ನಂತರ ಹೊಸ ಬಣ್ಣ ಹೊಡೆಸಿದ್ದಾರೆ. ಕಿಟಕಿಯ ಕೆಳಗಿನ ಗೆರೆ ಈಗ ಹೊರಗಿನಿಂದ ಕಾಣುವುದಿಲ್ಲ, ಹಿತ್ತಲಿನ ಬಚ್ಚಲುಮನೆಯ ಗೋಡೆಯಲ್ಲಿ ಮಾತ್ರ ಉಳಿದಿದೆ.